ಸಿನಿಮಾ ನೋಡಿದ ಮಕ್ಕಳು ಬಾಯಿ ತೆರೆದಾಗ ಕೇಳಿಸಿಕೊಳ್ಳುವವರು ಯಾರು?

ಪ್ರಶ್ನೆ: ನಾನು ಪ್ರೌಢಶಾಲೆಯ ಶಿಕ್ಷಕಿ. ಕಳೆದ ತಿಂಗಳು ಎಂಟು ಮತ್ತು ಒಂಬತ್ತನೆಯ ತರಗತಿಯ ವಿದ್ಯಾರ್ಥಿಗಳಿಗೆ ಒಂದು ಮಕ್ಕಳ ಸಿನಿಮಾ ತೋರಿಸಿದೆವು. ಮಕ್ಕಳೆಲ್ಲ ಒಂದಾಗಿ ದೊಡ್ಡವರೊಡನೆ ವಾದಿಸಿ ತಮ್ಮ ಆಟದ ಬಯಲನ್ನು ಉಳಿಸಿಕೊಳ್ಳುವ ಕಥೆ ಅದು. ನಮ್ಮ ವಿದ್ಯಾರ್ಥಿಗಳು ಚಪ್ಪಾಳೆ ತಟ್ಟಿದರು, ಕೆಲವರು ಅತ್ತರು. ಆದರೆ ಮರುದಿನ "ನಮ್ಮ ಶಾಲೆಯಲ್ಲಿ ಏನು ಬದಲಾಗಬೇಕು ಹೇಳಿ" ಎಂದು ಕೇಳಿದಾಗ ಒಬ್ಬರೂ ತುಟಿ ಬಿಚ್ಚಲಿಲ್ಲ. ಸಿನಿಮಾ ನೋಡಿ ವಿದ್ಯಾರ್ಥಿಗಳು ನಿಜವಾಗಿಯೂ ಬದಲಾವಣೆಗಾಗಿ ದನಿ ಎತ್ತುತ್ತಾರೆಯೇ? ಎತ್ತುವುದಾದರೆ ಎಂಥ ಸಿನಿಮಾ ಆರಿಸಬೇಕು, ತೋರಿಸಿದ ಮೇಲೆ ಏನು ಮಾಡಬೇಕು? ಇದರಿಂದ ಮಕ್ಕಳು ಎದುರುತ್ತರ ಕೊಡುವುದನ್ನಷ್ಟೇ ಕಲಿಯುತ್ತಾರೆ ಎನ್ನುವ ಸಹೋದ್ಯೋಗಿಗಳಿಗೆ ಏನು ಹೇಳಲಿ?

ಉತ್ತರ: ಮೊದಲು ನಿಮ್ಮ ಮಕ್ಕಳ ಮೌನದ ಬಗ್ಗೆ ಹೇಳುತ್ತೇನೆ. ಅದನ್ನು ನೀವು ಸಿನಿಮಾದ ಸೋಲೆಂದು ಎಣಿಸಿರುವಂತಿದೆ. ನನಗೆ ಹಾಗೆ ತೋರುವುದಿಲ್ಲ. ಅತ್ತು, ಚಪ್ಪಾಳೆ ತಟ್ಟಿದ ಮಕ್ಕಳಿಗೆ ಸಿನಿಮಾ ಹೇಳಬೇಕಾದದ್ದು ತಲುಪಿದೆ. ಮರುದಿನ ಅವರ ಮುಂದಿದ್ದ ಪ್ರಶ್ನೆಯೇ ಬೇರೆ: ತೆರೆಯ ಮೇಲಿನ ಹುಡುಗ ಮಾತಾಡಿದಾಗ ಊರೆಲ್ಲ ಕೇಳಿತು, ಇಲ್ಲಿ ನಾನು ಮಾತಾಡಿದರೆ ಏನಾಗುತ್ತದೆ? ಇದಕ್ಕೆ ಉತ್ತರ ಸಿನಿಮಾದಲ್ಲಿ ಇರಲಿಲ್ಲ, ಇರಲು ಸಾಧ್ಯವೂ ಇಲ್ಲ. ಈವರೆಗೆ ನಿಮ್ಮ ಶಾಲೆಯಲ್ಲಿ ಕೈ ಎತ್ತಿ ದೂರು ಹೇಳಿದ ಮಕ್ಕಳಿಗೆ ಏನಾಯಿತು ಎಂಬುದರಲ್ಲಿ ಆ ಉತ್ತರವಿದೆ, ಮತ್ತು ಅದು ಪ್ರತಿಯೊಬ್ಬ ವಿದ್ಯಾರ್ಥಿಗೂ ಚೆನ್ನಾಗಿ ಗೊತ್ತಿರುತ್ತದೆ.

ಈ ಮಾತಿಗೆ ಮನಶ್ಶಾಸ್ತ್ರದಲ್ಲಿ ಒಂದು ಹಳೆಯ ಆಧಾರವಿದೆ. ಆಲ್ಬರ್ಟ್ ಬಂಡೂರ 1965ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ ಶಿಶುವಿಹಾರದ ಮಕ್ಕಳಿಗೆ ಪುಟ್ಟ ಚಲನಚಿತ್ರವೊಂದನ್ನು ತೋರಿಸಲಾಯಿತು. ದೊಡ್ಡವನೊಬ್ಬ ಗಾಳಿ ತುಂಬಿದ ಬೊಂಬೆಯನ್ನು ಹೊಡೆಯುವುದು, ಒದೆಯುವುದು ಅದರಲ್ಲಿತ್ತು. ಕೊನೆ ಮಾತ್ರ ಮೂರು ಬಗೆ: ಒಂದು ಗುಂಪು ನೋಡಿದ ಚಿತ್ರದಲ್ಲಿ ಅವನಿಗೆ ಹೊಗಳಿಕೆ ಮತ್ತು ತಿಂಡಿ ಸಿಕ್ಕಿತು, ಇನ್ನೊಂದರಲ್ಲಿ ಬೈಗುಳ ಮತ್ತು ಶಿಕ್ಷೆ, ಮತ್ತೊಂದರಲ್ಲಿ ಏನೂ ಇಲ್ಲ. ಆಮೇಲೆ ಮಕ್ಕಳನ್ನು ಅಂಥದೇ ಬೊಂಬೆಯಿದ್ದ ಕೋಣೆಯಲ್ಲಿ ಬಿಟ್ಟಾಗ, ಶಿಕ್ಷೆಯನ್ನು ನೋಡಿದ ಗುಂಪು ಅನುಕರಿಸಿದ್ದು ಕಡಿಮೆ. ಅವರು ಕಲಿಯಲಿಲ್ಲ ಎಂದು ಅಲ್ಲಿಗೇ ತೀರ್ಮಾನಿಸಬಹುದಿತ್ತು. ಆದರೆ ಬಂಡೂರ ಇನ್ನೊಂದು ಹೆಜ್ಜೆ ಮುಂದೆ ಹೋದರು. ನೋಡಿದ್ದನ್ನು ಮಾಡಿ ತೋರಿಸಿದರೆ ಬಹುಮಾನ ಕೊಡುತ್ತೇವೆ ಎಂದಾಗ ಮೂರೂ ಗುಂಪಿನ ಮಕ್ಕಳು ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿ ಮಾಡಿ ತೋರಿಸಿದರು. ಅಂದರೆ ಎಲ್ಲರೂ ಕಲಿತಿದ್ದರು. ಮಾಡಬೇಕೋ ಬೇಡವೋ ಎಂಬುದನ್ನು ಮಾತ್ರ, ಮುಂದೆ ಏನಾದೀತು ಎಂಬ ನಿರೀಕ್ಷೆ ನಿರ್ಧರಿಸಿತ್ತು. ಆ ಪ್ರಯೋಗ ನಡೆದದ್ದು ಪುಟ್ಟ ಮಕ್ಕಳ ಮೇಲೆ, ಹೊಡೆದಾಟದ ವಿಷಯದಲ್ಲಿ. ಅದನ್ನು ನೇರವಾಗಿ ಪ್ರೌಢಶಾಲೆಯ ತರಗತಿಗೆ ತಂದು ಅಂಟಿಸಬಾರದು. ಆದರೂ ಕಲಿಯುವುದು ಬೇರೆ, ಕಲಿತದ್ದನ್ನು ಮಾಡಿ ತೋರಿಸುವುದು ಬೇರೆ ಎಂಬ ಅದರ ತಿರುಳು ನಿಮ್ಮ ಪ್ರಶ್ನೆಗೆ ಬಹಳ ಹತ್ತಿರದ್ದು.

ಹೀಗಾಗಿ ನಿಮ್ಮ ಮೊದಲ ಪ್ರಶ್ನೆಗೆ ನನ್ನ ಉತ್ತರ ಹೌದು ಎಂದೇ, ಆದರೆ ಒಂದು ಷರತ್ತಿನ ಮೇಲೆ. ದನಿ ಎತ್ತುವುದು ಹೇಗೆಂದು ಸಿನಿಮಾ ತೋರಿಸಬಲ್ಲದು, ಎತ್ತಬೇಕೆಂಬ ಆಸೆಯನ್ನೂ ಹುಟ್ಟಿಸಬಲ್ಲದು. ಎತ್ತಿದ ದನಿಗೆ ಸಿಗುವ ಮೊದಲ ಪ್ರತಿಕ್ರಿಯೆ ಮಾತ್ರ ನಿಮ್ಮ ಕೈಯಲ್ಲಿದೆ. ಮುಂದಿನ ಎಲ್ಲವೂ ಆ ಪ್ರತಿಕ್ರಿಯೆಯ ಮೇಲೆ ನಿಂತಿದೆ.

ಈಗ ಎಂಥ ಸಿನಿಮಾ ಎಂಬುದಕ್ಕೆ ಬರುತ್ತೇನೆ. ಗೆಲುವಿನಲ್ಲಿ ಮುಗಿಯುವ, ಕೊನೆಯ ಹತ್ತು ನಿಮಿಷದಲ್ಲಿ ಒಂದು ಭಾಷಣದಿಂದ ಎಲ್ಲರ ಮನಸ್ಸು ಕರಗುವ ಸಿನಿಮಾಗಳನ್ನು ಶಾಲೆಗಳು ಹೆಚ್ಚಾಗಿ ಆರಿಸುತ್ತವೆ. ಅವು ನೋಡುವಾಗ ಹಿತವಾಗಿರುತ್ತವೆ, ಆದರೆ ದನಿ ಎತ್ತುವುದನ್ನು ಕಲಿಸುವ ದೃಷ್ಟಿಯಿಂದ ಅವುಗಳಲ್ಲಿ ಒಂದು ಕೊರತೆಯಿದೆ. ಮಾತಾಡಿದ ಕೂಡಲೇ ಜಗತ್ತು ಬದಲಾಗುವುದನ್ನು ನೋಡಿದ ಮಗು, ತಾನು ಮಾತಾಡಿದಾಗ ಏನೂ ಆಗದಿದ್ದರೆ ತಪ್ಪು ತನ್ನದೇ, ತನಗೆ ಮಾತು ಬರುವುದಿಲ್ಲ ಎಂದುಕೊಳ್ಳುತ್ತದೆ. ಮೊದಲ ಸಲ ಕೇಳಿದಾಗ ಯಾರೂ ಕಿವಿಗೊಡದ, ಎರಡನೆಯ ಸಲ ಬೇರೆ ದಾರಿ ಹುಡುಕಬೇಕಾದ, ಜೊತೆಗಾರರನ್ನು ಒಲಿಸಿಕೊಳ್ಳಬೇಕಾದ ಕಥೆಗಳು ಇದಕ್ಕಿಂತ ಎಷ್ಟೋ ಮೇಲು. ಮಗುವಿನ ಬೇಡಿಕೆ ಏನೆಂದು ಒಂದೇ ವಾಕ್ಯದಲ್ಲಿ ಹೇಳಲು ಬರುವಂತಿರಬೇಕು. ಅಡ್ಡಿಯಾಗಿ ನಿಂತವನು ಮೀಸೆ ತಿರುವುವ ದುಷ್ಟನಾಗಿರುವುದಕ್ಕಿಂತ, ರೂಢಿಗೆ ಒಗ್ಗಿಹೋದ ಸಾಮಾನ್ಯ ಮನುಷ್ಯನಾಗಿದ್ದರೆ ಒಳ್ಳೆಯದು, ಏಕೆಂದರೆ ವಿದ್ಯಾರ್ಥಿಗಳು ನಿಜಜೀವನದಲ್ಲಿ ಎದುರಿಸುವುದು ಅಂಥವರನ್ನೇ. ಕೊನೆಯಲ್ಲಿ ಒಬ್ಬ ದೊಡ್ಡವರು ಬಂದು ಎಲ್ಲವನ್ನೂ ಸರಿಪಡಿಸಿಬಿಟ್ಟರೆ ಮಕ್ಕಳ ಪ್ರಯತ್ನ ಬರೀ ಅಲಂಕಾರವಾಗಿ ಉಳಿಯುತ್ತದೆ; ಅಂಥ ಸಿನಿಮಾಗಳನ್ನು ನಾನು ಈ ಕೆಲಸಕ್ಕೆ ಆರಿಸುವುದಿಲ್ಲ.

ಒಂದು ಸಿನಿಮಾವನ್ನು ಹೆಸರಿಸಿಯೇ ಹೇಳುತ್ತೇನೆ, ಏಕೆಂದರೆ ಮಕ್ಕಳ ಮಾತನ್ನು ದೊಡ್ಡವರು ಹೇಗೆ ಕೇಳಿಸಿಕೊಳ್ಳುವುದಿಲ್ಲ ಎಂಬುದನ್ನು ಅದರಷ್ಟು ಹತ್ತಿರದಿಂದ ತೋರಿಸಿದ ಇನ್ನೊಂದು ಚಿತ್ರ ನನಗೆ ತಕ್ಷಣ ನೆನಪಾಗುವುದಿಲ್ಲ. ಇರಾನಿನ ಅಬ್ಬಾಸ್ ಕಿಯರೊಸ್ತಾಮಿ 1987ರಲ್ಲಿ ನಿರ್ದೇಶಿಸಿದ 'ಗೆಳೆಯನ ಮನೆ ಎಲ್ಲಿ?' ಎಂಬ ಚಿತ್ರವದು. ಮನೆಗೆಲಸವನ್ನು ನೋಟ್‌ಬುಕ್ಕಿನಲ್ಲಿ ಬರೆಯದೆ ಬಿಡಿ ಹಾಳೆಯಲ್ಲಿ ಬರೆದು ತಂದ ಹುಡುಗನಿಗೆ, ಇನ್ನೊಮ್ಮೆ ಹೀಗಾದರೆ ಶಾಲೆಯಿಂದ ಹೊರಗೆ ಹಾಕುತ್ತೇನೆ ಎಂದು ಮೇಷ್ಟ್ರು ಎಚ್ಚರಿಸುತ್ತಾರೆ. ಅದೇ ದಿನ ಅವನ ನೋಟ್‌ಬುಕ್ಕು ತಪ್ಪಿ ಗೆಳೆಯ ಅಹ್ಮದನ ಚೀಲ ಸೇರುತ್ತದೆ. ಅಹ್ಮದ್ ಮನೆಯಲ್ಲಿ ಅದನ್ನು ಕಂಡು, ಬಟ್ಟೆ ಒಗೆಯುತ್ತಿರುವ ತಾಯಿಗೆ ವಿಷಯ ಹೇಳುತ್ತಾನೆ. ಎರಡೂ ನೋಟ್‌ಬುಕ್ಕುಗಳ ಹೊದಿಕೆ ಒಂದೇ ಥರ ಇರುವುದನ್ನು ಹಿಡಿದು ತೋರಿಸುತ್ತಾನೆ. ಅವನು ಹೇಳುವುದು ಒಂದೇ ಮಾತು, ಮತ್ತೆ ಮತ್ತೆ: ಇದನ್ನು ಗೆಳೆಯನಿಗೆ ಕೊಟ್ಟು ಬರಬೇಕು. ತಾಯಿ ಹೇಳುವುದೂ ಒಂದೇ: ಮೊದಲು ಮನೆಗೆಲಸ ಬರೆ. ನಡುವೆ ಮಗುವನ್ನು ತೂಗು, ಅದು ತಾ, ಇದು ತಾ ಎಂಬ ಅಪ್ಪಣೆಗಳು. ತಾಯಿ ಕೆಟ್ಟವಳಲ್ಲ, ಕೆಲಸದಲ್ಲಿ ಮುಳುಗಿದ್ದಾಳೆ. ಮಗ ಆಟಕ್ಕೆ ಹೋಗಲು ನೆಪ ಹುಡುಕುತ್ತಿದ್ದಾನೆ ಎಂದು ಅವಳು ಮೊದಲೇ ತೀರ್ಮಾನಿಸಿಬಿಟ್ಟಿದ್ದಾಳೆ. ಮುಂದೆ ಅಹ್ಮದನ ಅಜ್ಜ ತನ್ನ ಬಳಿ ಸಿಗರೇಟು ಇದ್ದರೂ ಅದನ್ನು ತರಲು ಅವನನ್ನು ಅಟ್ಟುತ್ತಾನೆ, ಹೇಳಿದ ಮಾತು ಕೇಳುವುದನ್ನು ಹುಡುಗ ಕಲಿಯಲಿ ಎಂಬ ಒಂದೇ ಕಾರಣಕ್ಕೆ.

ಈ ದೃಶ್ಯಗಳನ್ನು ನೋಡುವ ವಿದ್ಯಾರ್ಥಿಗಳ ಮುಖವನ್ನು ಗಮನಿಸಿ. ಅಲ್ಲಿ ಅಳು ಇರುವುದಿಲ್ಲ, ಚಪ್ಪಾಳೆಯೂ ಇರುವುದಿಲ್ಲ, ಪರಿಚಿತವಾದದ್ದನ್ನು ಕಂಡ ಗುರುತು ಇರುತ್ತದೆ. ಚಿತ್ರದ ಕೊನೆಯಲ್ಲಿ ಗೆಳೆಯನ ಮನೆ ಸಿಗದೆ ಹಿಂತಿರುಗಿದ ಅಹ್ಮದ್ ತಾನೇ ಕುಳಿತು ಗೆಳೆಯನ ಮನೆಗೆಲಸವನ್ನೂ ಬರೆಯುತ್ತಾನೆ, ಮರುದಿನ ಮೇಷ್ಟ್ರಿಗೆ ಅದು ತಿಳಿಯುವುದೂ ಇಲ್ಲ. ಗೆಳೆಯ ಪಾರಾಗುತ್ತಾನೆ. ಇಲ್ಲಿಯೇ ಒಂದು ಒಳ್ಳೆಯ ಚರ್ಚೆ ಹುಟ್ಟುತ್ತದೆ: ಗೆಳೆಯನ ಕಷ್ಟ ತೀರಿತು, ಆದರೆ ಮೇಷ್ಟ್ರ ನಿಯಮ ಹಾಗೆಯೇ ಇದೆಯಲ್ಲ? ನಾಳೆ ಇನ್ನೊಬ್ಬನ ನೋಟ್‌ಬುಕ್ಕು ಕಳೆದರೆ? ಒಬ್ಬನಿಗೆ ನೆರವಾಗುವುದಕ್ಕೂ ಎಲ್ಲರಿಗೂ ಅನ್ವಯಿಸುವ ನಿಯಮವನ್ನು ಬದಲಿಸಿ ಎಂದು ಕೇಳುವುದಕ್ಕೂ ಇರುವ ವ್ಯತ್ಯಾಸವನ್ನು ಹದಿಮೂರು ಹದಿನಾಲ್ಕರ ವಯಸ್ಸಿನವರು ಈ ಕಥೆಯಿಂದ ತಾವಾಗಿಯೇ ಎತ್ತಿ ತೆಗೆಯಬಲ್ಲರು.

ಕಿರಿಯ ತರಗತಿಗಳಿಗೆ ಯುನಿಸೆಫ್ 1990ರ ದಶಕದಲ್ಲಿ ದಕ್ಷಿಣ ಏಷ್ಯಾಕ್ಕಾಗಿ ರೂಪಿಸಿದ ಮೀನಾ ಕಾರ್ಟೂನು ಚಿತ್ರಗಳು ಇಂದಿಗೂ ಉಪಯುಕ್ತವಾಗಿವೆ. ಭಾರತದ ಅನಿಮೇಷನ್ ಕಲಾವಿದ ರಾಮ್ ಮೋಹನ್ ಅವುಗಳ ರಚನೆಯಲ್ಲಿ ಪ್ರಮುಖ ಪಾತ್ರ ವಹಿಸಿದ್ದರು. ಒಂದು ಕಥೆಯಲ್ಲಿ ಮೀನಾ ಎಂಬ ಹುಡುಗಿಯ ತಮ್ಮ ರಾಜು ಶಾಲೆಗೆ ಹೋಗುತ್ತಾನೆ, ಅವಳಿಗೆ ಮಾತ್ರ ಮನೆಯ ಚಾಕರಿ. ಅವಳು ತನ್ನ ಗಿಳಿ ಮಿಠುವನ್ನು ಶಾಲೆಯ ಕಿಟಕಿಗೆ ಕಳಿಸಿ, ಅದು ಕೇಳಿಕೊಂಡು ಬಂದ ಎಣಿಕೆಯನ್ನು ತಾನೂ ಕಲಿತು, ಕೋಳಿಗಳನ್ನು ಎಣಿಸಿ, ಒಂದು ಕಡಿಮೆಯಾಗಿರುವುದನ್ನು ಕಂಡು ಕಳ್ಳನನ್ನು ಹಿಡಿಸುತ್ತಾಳೆ. ಆಗ ಅಪ್ಪ ಅವಳನ್ನು ಶಾಲೆಗೆ ಕಳಿಸಲು ಒಪ್ಪುತ್ತಾನೆ. ಚೆಂದದ ಕಥೆ. ಆದರೆ ತೋರಿಸಿದ ಮೇಲೆ ಒಂದು ಪ್ರಶ್ನೆ ಕೇಳದೆ ಬಿಡಬಾರದು: ಕಳ್ಳ ಸಿಗದೇ ಹೋಗಿದ್ದರೆ ಮೀನಾ ಶಾಲೆಗೆ ಹೋಗಬೇಕಿರಲಿಲ್ಲವೇ? ಉಪಯೋಗಕ್ಕೆ ಬಂದೆನೆಂದು ಸಾಬೀತು ಮಾಡಿದ ಮೇಲೆ ಸಿಗುವುದು ಬಹುಮಾನ, ಕಲಿಯುವುದು ಹಕ್ಕು. ಎಂಟು ವರ್ಷದ ಮಕ್ಕಳೂ ಈ ಭೇದವನ್ನು ತಮ್ಮದೇ ಮಾತಿನಲ್ಲಿ ಹಿಡಿಯುತ್ತಾರೆ.

ಪ್ರದರ್ಶನದ ವ್ಯವಸ್ಥೆಯ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಇಡೀ ಶಾಲೆಯನ್ನು ಒಂದೇ ಸಭಾಂಗಣದಲ್ಲಿ ತುಂಬುವ ಬದಲು ಒಂದು ತರಗತಿಗೆ ಒಮ್ಮೆ ತೋರಿಸಿ, ನಡುವೆ ನಿಲ್ಲಿಸಿ ವಿವರಿಸಬೇಡಿ, ಮುಗಿದ ತಕ್ಷಣ ದೀಪ ಹಾಕಿ ಮೈಕು ಹಿಡಿಯಬೇಡಿ. ಮಕ್ಕಳಿಗೆ ಬಾರದ ಭಾಷೆಯ ಚಿತ್ರವಾದರೆ ಅಡಿಬರಹವನ್ನು ಓದಲು ಎಲ್ಲರಿಗೂ ಸಾಧ್ಯವಾಗುತ್ತದೆಯೇ ಎಂದು ಮೊದಲೇ ನೋಡಿಕೊಳ್ಳಿ.

ಹೆಚ್ಚು ಗಮನ ಕೊಡಬೇಕಾದದ್ದು ಮೊದಲ ಪ್ರಶ್ನೆಗೆ. "ಈ ಸಿನಿಮಾದ ನೀತಿ ಏನು?" ಎಂದು ಕೇಳಿದರೆ ವಿದ್ಯಾರ್ಥಿಗಳು ಪರೀಕ್ಷೆಯ ಉತ್ತರ ಕೊಡುತ್ತಾರೆ: ಒಗ್ಗಟ್ಟಿನಲ್ಲಿ ಬಲವಿದೆ, ಸತ್ಯಕ್ಕೆ ಜಯ. ನೀವು ಕೇಳಿದ "ನಮ್ಮ ಶಾಲೆಯಲ್ಲಿ ಏನು ಬದಲಾಗಬೇಕು?" ಎಂಬ ಪ್ರಶ್ನೆಯ ತೊಡಕು ಇನ್ನೊಂದು ಬಗೆಯದು. ಅದು ಮಕ್ಕಳನ್ನು ಒಂದೇ ನೆಗೆತದಲ್ಲಿ ಕಥೆಯಿಂದ ಶಾಲೆಗೆ, ಅದೂ ಎಲ್ಲರ ಎದುರು, ಶಾಲೆಯ ಪ್ರತಿನಿಧಿಯಾದ ಶಿಕ್ಷಕಿಯ ಮುಂದೆ ತಂದು ನಿಲ್ಲಿಸಿತು. ಕಥೆಯ ಒಳಗೇ ಸ್ವಲ್ಪ ಹೊತ್ತು ಇರಿ. ತೆರೆಯ ಮೇಲಿನ ಆ ಹುಡುಗ ಮಾತಾಡಲು ನಿರ್ಧರಿಸಿದ್ದು ಯಾವ ಗಳಿಗೆಯಲ್ಲಿ? ಅದಕ್ಕೆ ಮೊದಲು ಎಷ್ಟು ಸಲ ಸುಮ್ಮನಾಗಿದ್ದ? ಅವನ ಜೊತೆ ಮೊದಲು ನಿಂತವರು ಯಾರು, ಕೊನೆಗೆ ಬಂದವರು ಯಾರು? ಯಾರು ಬರಲೇ ಇಲ್ಲ, ಅವರಿಗೆ ಏನು ಭಯವಿದ್ದಿರಬಹುದು? ಪಾತ್ರದ ಭಯದ ಬಗ್ಗೆ ಮಾತಾಡುವಾಗ ಮಕ್ಕಳು ತಮ್ಮ ಭಯದ ಬಗ್ಗೆಯೇ ಮಾತಾಡುತ್ತಿರುತ್ತಾರೆ, ಆದರೆ ಹಾಗೆಂದು ಒಪ್ಪಿಕೊಳ್ಳುವ ಒತ್ತಾಯ ಅವರ ಮೇಲಿರುವುದಿಲ್ಲ. ಕಥೆ ಒದಗಿಸುವ ಈ ಮರೆಯೇ ಭಾಷಣಕ್ಕಿಲ್ಲದ, ಸಿನಿಮಾಕ್ಕಿರುವ ದೊಡ್ಡ ಅನುಕೂಲ.

ಕೈ ಎತ್ತುವವರು ಯಾವಾಗಲೂ ಅದೇ ನಾಲ್ಕೈದು ಮಂದಿ. ಆದ್ದರಿಂದ ಹೆಸರಿಲ್ಲದ ಚೀಟಿಗಳನ್ನು ಹಂಚಿ, ಏನು ಬದಲಾಗಬೇಕು ಎಂದು ಒಂದು ವಾಕ್ಯ ಬರೆಯಲು ಹೇಳಿ. ಬರೆಯಲು ಇಷ್ಟವಿಲ್ಲದವರು ಚಿತ್ರ ಬಿಡಿಸಲಿ. ಖಾಲಿ ಚೀಟಿಯನ್ನೂ ಮಡಿಸಿ ಹಾಕಲು ಅವಕಾಶವಿರಲಿ, ಏಕೆಂದರೆ ಯಾರು ಬರೆದರು, ಯಾರು ಬರೆಯಲಿಲ್ಲ ಎಂಬುದು ಗೊತ್ತಾಗಬಾರದು.

ಆಮೇಲೆ ಒಂದು ದೃಶ್ಯವನ್ನು ಮಾತ್ರ ಮತ್ತೆ ತೋರಿಸಿ, ಅದನ್ನು ಆಡಿಸಿ ನೋಡಿ. ಬ್ರೆಜಿಲ್‌ನ ರಂಗಕರ್ಮಿ ಅಗುಸ್ತೊ ಬೊಆಲ್ ರೂಪಿಸಿದ ಫೋರಂ ರಂಗಭೂಮಿಯಲ್ಲಿ ಪ್ರೇಕ್ಷಕರಲ್ಲಿ ಯಾರು ಬೇಕಾದರೂ "ನಿಲ್ಲಿಸಿ" ಎಂದು ಕೂಗಿ, ರಂಗಕ್ಕೆ ಬಂದು, ಅನ್ಯಾಯಕ್ಕೆ ಒಳಗಾದ ಪಾತ್ರದ ಜಾಗದಲ್ಲಿ ನಿಂತು ಬೇರೆ ಮಾತು ಆಡಬಹುದು. ಅಹ್ಮದನ ತಾಯಿಯ ದೃಶ್ಯವನ್ನೇ ತೆಗೆದುಕೊಳ್ಳಿ. ಒಬ್ಬಳು ಬಂದು ದನಿ ಏರಿಸುತ್ತಾಳೆ. ತಾಯಿಯ ಪಾತ್ರದವಳು ಇನ್ನೂ ಜೋರಾಗಿ ಬೈಯುತ್ತಾಳೆ. ಇನ್ನೊಬ್ಬ ಬಂದು "ಅಮ್ಮ, ಐದು ನಿಮಿಷ ನನ್ನ ಮಾತು ಕೇಳು, ಆಮೇಲೆ ನೀನು ಹೇಳಿದ ಕೆಲಸ ಮಾಡುತ್ತೇನೆ" ಎನ್ನುತ್ತಾನೆ. ಮತ್ತೊಬ್ಬಳು ಏನನ್ನೂ ಹೇಳದೆ ಬಟ್ಟೆ ಹಿಂಡಲು ಕೈಜೋಡಿಸಿ, ಆಮೇಲೆ ಮಾತು ತೆಗೆಯುತ್ತಾಳೆ. ಯಾವುದು ಫಲಿಸಿತು, ಯಾವುದು ಫಲಿಸಲಿಲ್ಲ ಎಂದು ತರಗತಿ ನಿರ್ಣಯಿಸುತ್ತದೆ. ತಾಯಿಯಾಗಿ ಆಡಿದವರನ್ನೂ ಕೇಳಿ: ನಿಮಗೆ ಯಾವಾಗ ಕೇಳಿಸಿಕೊಳ್ಳಬೇಕು ಅನ್ನಿಸಿತು? ಮಾತಿನ ದನಿ, ಹೊತ್ತು, ಸಾಕ್ಷ್ಯ ಇವೆಲ್ಲದರ ಬಗ್ಗೆ ಯಾವ ಪಾಠವೂ ಕಲಿಸದಷ್ಟನ್ನು ಈ ಅರ್ಧ ಗಂಟೆ ಕಲಿಸುತ್ತದೆ.

ಇಲ್ಲಿಂದ ಸ್ವಂತ ವಿಷಯಕ್ಕೆ ಹೋಗುವ ದಾರಿ ತೆರೆಯುತ್ತದೆ, ಮತ್ತು ಅನೇಕ ಶಾಲೆಗಳು ಇಲ್ಲಿಯೇ ನಿಂತುಬಿಡುತ್ತವೆ. ಕಥೆಯಿಂದ ಕ್ರಿಯೆಗೆ ಜನ ಹೇಗೆ ದಾಟುತ್ತಾರೆ ಎಂಬುದಕ್ಕೆ ಮೆಕ್ಸಿಕೋದ ಮಿಗೆಲ್ ಸಬಿದೊ 1975ರಲ್ಲಿ ನಿರ್ಮಿಸಿದ ದೂರದರ್ಶನ ಧಾರಾವಾಹಿಯೊಂದು ಹೆಸರಾಂತ ನಿದರ್ಶನ. ವಯಸ್ಕರು ಓದು ಬರಹ ಕಲಿಯುವ ಕಥೆ ಅದರದು. ಉಚಿತ ಕಲಿಕಾ ಪುಸ್ತಕಗಳು ಎಲ್ಲಿ ಸಿಗುತ್ತವೆ ಎಂಬುದನ್ನು ಧಾರಾವಾಹಿಯೊಳಗೇ ತಿಳಿಸಿದಾಗ ಸಾವಿರಾರು ಜನ ಆ ಕೇಂದ್ರಕ್ಕೆ ಬಂದು ಮುಗಿಬಿದ್ದರು. ಕಥೆ ಆಸೆ ಹುಟ್ಟಿಸಿತು. ಎಲ್ಲಿಗೆ ಹೋಗಬೇಕು, ಏನು ಕೇಳಬೇಕು ಎಂಬ ಖಚಿತವಾದ ಮುಂದಿನ ಹೆಜ್ಜೆ ಆ ಆಸೆಗೆ ಕಾಲು ಕೊಟ್ಟಿತು. ಅಷ್ಟೊಂದು ಜನರನ್ನು ನಿಭಾಯಿಸುವ ಸಿದ್ಧತೆ ಕೇಂದ್ರದಲ್ಲಿ ಇರಲಿಲ್ಲ ಎಂಬುದೂ ಆ ಕಥೆಯ ಭಾಗವೇ, ಮತ್ತು ಶಾಲೆಗಳು ಅದನ್ನು ನೆನಪಿಡಬೇಕು.

ಚೀಟಿಗಳಲ್ಲಿ ಬಂದ ವಿಷಯಗಳಿಂದ ಒಂದನ್ನು ವಿದ್ಯಾರ್ಥಿಗಳೇ ಆರಿಸಲಿ. ಹವಾಮಾನ ಬದಲಾವಣೆ, ಭ್ರಷ್ಟಾಚಾರ ಇಂಥವನ್ನು ಆರಿಸುವ ಉತ್ಸಾಹ ಬರುತ್ತದೆ, ಅದನ್ನು ಹೀಗಳೆಯಬೇಡಿ, ಆದರೆ ಮೊದಲ ಪ್ರಯತ್ನಕ್ಕೆ ಶಾಲೆಯೊಳಗೇ ತೀರ್ಮಾನವಾಗಬಲ್ಲ, ಕೆಲವೇ ವಾರಗಳಲ್ಲಿ ಫಲಿತಾಂಶ ಕಾಣುವಂಥ ವಿಷಯವೇ ತಕ್ಕದ್ದು. ದನಿ ಎತ್ತಿದರೆ ಏನೋ ಆಗುತ್ತದೆ ಎಂಬ ಅನುಭವ ಒಮ್ಮೆ ದಕ್ಕಿದರೆ ದೊಡ್ಡ ವಿಷಯಗಳಿಗೆ ಅವರು ತಾವೇ ಹೋಗುತ್ತಾರೆ. ಆಮೇಲೆ ಒಂದು ವಾರ ಎಣಿಸಲಿ, ಅಳೆಯಲಿ, ಕೇಳಿ ಬರೆದುಕೊಳ್ಳಲಿ. ಇದನ್ನು ಸರಿಪಡಿಸುವ ಅಧಿಕಾರ ಯಾರಿಗಿದೆ ಎಂದು ಕಂಡುಹಿಡಿಯಲಿ. ಶಿಕ್ಷಕಿಗೋ, ಮುಖ್ಯೋಪಾಧ್ಯಾಯರಿಗೋ, ಆಡಳಿತ ಮಂಡಳಿಗೋ? ತಪ್ಪು ಬಾಗಿಲು ತಟ್ಟಿ ಬೇಸತ್ತು ಹಿಂತಿರುಗುವುದು ದೊಡ್ಡವರಲ್ಲೂ ಸಾಮಾನ್ಯ. ಕೊನೆಗೆ ಒಂದು ಪತ್ರ. ಅದು ಹೀಗಿದ್ದರೆ ಸಾಕು:

"ಮಾನ್ಯರೇ, ಹುಡುಗಿಯರ ಶೌಚಾಲಯದ ನಾಲ್ಕು ಬಾಗಿಲುಗಳಲ್ಲಿ ಎರಡಕ್ಕೆ ಚಿಲಕವಿಲ್ಲ. ಅವಕ್ಕೆ ಹೋಗುವಾಗ ಒಬ್ಬಳು ಹೊರಗೆ ನಿಂತು ಬಾಗಿಲು ಹಿಡಿದುಕೊಳ್ಳಬೇಕು. ಹೀಗಾಗಿ ಉಳಿದ ಎರಡಕ್ಕೆ ಸಾಲು ನಿಲ್ಲುತ್ತದೆ. ಸೋಮವಾರದಿಂದ ಶುಕ್ರವಾರದವರೆಗೆ ಮಧ್ಯಾಹ್ನದ ಬಿಡುವಿನಲ್ಲಿ ನಾವು ನೋಡಿದಾಗ, ಪ್ರತಿದಿನವೂ ಗಂಟೆ ಹೊಡೆದ ಮೇಲೆ ಇನ್ನೂ ಸಾಲಿನಲ್ಲಿ ಹುಡುಗಿಯರಿದ್ದರು. ತಡವಾಗಿ ತರಗತಿಗೆ ಬಂದದ್ದಕ್ಕೆ ಅವರನ್ನು ಹೊರಗೆ ನಿಲ್ಲಿಸಲಾಯಿತು. ಕೆಲವರು ಇದಕ್ಕಾಗಿಯೇ ನೀರು ಕುಡಿಯುವುದನ್ನು ಬಿಟ್ಟಿದ್ದಾರೆ. ಎರಡು ಚಿಲಕ ಹಾಕಿಸಿಕೊಡಬೇಕೆಂದು ಕೇಳುತ್ತೇವೆ. ಆಗುವುದಿಲ್ಲವಾದರೆ ಕಾರಣ ತಿಳಿಸಬೇಕು."

ಈ ಪತ್ರದಲ್ಲಿ ಯಾರ ಮೇಲೂ ಆರೋಪವಿಲ್ಲ, ಅಂಗಲಾಚುವಿಕೆಯೂ ಇಲ್ಲ. ಕಂಡದ್ದು ಏನು, ಅದರಿಂದ ಆಗುವ ತೊಂದರೆ ಏನು, ಬೇಕಾದದ್ದು ಏನು ಎಂಬುದಿದೆ. ವಿದ್ಯಾರ್ಥಿಗಳ ಭಾಷೆಯನ್ನು ನೀವು ತಿದ್ದಿ ಅಂದಗೊಳಿಸಬೇಡಿ. ಕಾಗುಣಿತ ಸರಿಪಡಿಸಿದರೆ ಸಾಕು. ನೀರು ಕುಡಿಯುವುದನ್ನು ಬಿಟ್ಟಿದ್ದಾರೆ ಎಂಬ ವಾಕ್ಯವನ್ನು ಯಾವ ದೊಡ್ಡವರೂ ಊಹಿಸಿ ಬರೆಯಲಾರರು.

ಇನ್ನು ಕೇಳುವವರ ಸರದಿ. ಬೆಲ್‌ಫಾಸ್ಟ್‌ನ ಕ್ವೀನ್ಸ್ ವಿಶ್ವವಿದ್ಯಾಲಯದ ಲಾರಾ ಲಂಡಿ 2007ರಲ್ಲಿ ಮಂಡಿಸಿದ ವಿಚಾರ ಇಲ್ಲಿ ತುಂಬ ಸಹಾಯಕ. ಮಕ್ಕಳ ದನಿ ಎಂಬ ಮಾತೊಂದೇ ಸಾಲದು, ಅದರ ಜೊತೆಗೆ ಮಾತಾಡಲು ಸುರಕ್ಷಿತ ಅವಕಾಶ, ಕೇಳಿಸಿಕೊಳ್ಳುವ ಹೊಣೆ ಹೊತ್ತ ವ್ಯಕ್ತಿ, ಮತ್ತು ಆ ಮಾತು ತೀರ್ಮಾನದ ಮೇಲೆ ಬೀರುವ ಪ್ರಭಾವ ಈ ಮೂರೂ ಇರಬೇಕು ಎಂಬುದು ಅವರ ವಾದ. ಶಾಲೆಗಳಲ್ಲಿ ಅವಕಾಶ ಸಿಗುತ್ತದೆ, ದನಿಯೂ ಹೊರಡುತ್ತದೆ. ಕೇಳುವವರು ಮತ್ತು ಪ್ರಭಾವ ಕಾಣೆಯಾಗುತ್ತವೆ. ಆದ್ದರಿಂದ ಸಿನಿಮಾ ತೋರಿಸುವ ಮೊದಲೇ ಮುಖ್ಯೋಪಾಧ್ಯಾಯರೊಡನೆ ಒಂದು ಒಪ್ಪಂದಕ್ಕೆ ಬನ್ನಿ: ವಿದ್ಯಾರ್ಥಿಗಳಿಂದ ಪತ್ರ ಬಂದರೆ ಇಂತಿಷ್ಟು ದಿನದೊಳಗೆ ಲಿಖಿತ ಉತ್ತರ ಕೊಡಲಾಗುವುದು. ಆ ಉತ್ತರ "ಆಗುವುದಿಲ್ಲ" ಎಂದೇ ಆಗಿರಬಹುದು. ಕಾರಣ ಸಹಿತ ಬಂದ "ಆಗುವುದಿಲ್ಲ" ಎಂಬ ಉತ್ತರವನ್ನು ಮಕ್ಕಳು ಗೌರವಿಸುತ್ತಾರೆ, ಅದರೊಡನೆ ವಾದಿಸುತ್ತಾರೆ, ಬೇರೆ ದಾರಿ ಸೂಚಿಸುತ್ತಾರೆ. ಉತ್ತರವೇ ಬಾರದಿದ್ದರೆ ಅವರು ಕಲಿಯುವ ಪಾಠ ಒಂದೇ, ಅದನ್ನು ಅಳಿಸಲು ಎಷ್ಟು ಸಿನಿಮಾ ತೋರಿಸಿದರೂ ಸಾಲದು. ಇಂಥ ಒಪ್ಪಂದ ಆಗದಿದ್ದರೆ ಸಿನಿಮಾವನ್ನು ಸಿನಿಮಾ ಎಂದೇ ತೋರಿಸಿ, ಸಂತೋಷಪಟ್ಟು ಮನೆಗೆ ಹೋಗಲಿ. ದನಿ ಎತ್ತಿ ಎಂದು ಹುರಿದುಂಬಿಸಿ ಕೈಬಿಡುವುದು ಅನ್ಯಾಯ.

ಎರಡು ಎಚ್ಚರಿಕೆಗಳನ್ನು ಹೇಳಲೇಬೇಕು. ಮಕ್ಕಳ ಭಾಗವಹಿಸುವಿಕೆಯನ್ನು ಎಂಟು ಮೆಟ್ಟಿಲುಗಳ ಏಣಿಯಾಗಿ ವಿವರಿಸಿದ ರೋಜರ್ ಹಾರ್ಟ್, 1992ರಲ್ಲಿ ಯುನಿಸೆಫ್ ಪ್ರಕಟಿಸಿದ ತಮ್ಮ ಪ್ರಬಂಧದಲ್ಲಿ, ಕೆಳಗಿನ ಮೂರು ಮೆಟ್ಟಿಲುಗಳನ್ನು ಭಾಗವಹಿಸುವಿಕೆ ಎಂದೇ ಎಣಿಸಲಿಲ್ಲ. ದೊಡ್ಡವರ ಉದ್ದೇಶಕ್ಕೆ ಮಕ್ಕಳನ್ನು ಬಳಸಿಕೊಳ್ಳುವುದು, ಅಲಂಕಾರಕ್ಕೆ ನಿಲ್ಲಿಸುವುದು, ಹೆಸರಿಗೆ ಮಾತ್ರ ಮಾತಾಡಿಸುವುದು ಇವೇ ಆ ಮೂರು. ಸಿನಿಮಾದ ಮಾರನೆಯ ದಿನ ದೊಡ್ಡವರು ಬರೆದ ಘೋಷಣೆಯ ಫಲಕ ಹಿಡಿಸಿ ಮಕ್ಕಳನ್ನು ಮೆರವಣಿಗೆ ಹೊರಡಿಸುವುದು ಈ ಗುಂಪಿಗೆ ಸೇರುತ್ತದೆ. ನೀವು ನಿರೀಕ್ಷಿಸಿದ ವಿಷಯವನ್ನು ಬಿಟ್ಟು ಅವರು ಬೇರೇನನ್ನೋ ಆರಿಸಿದರೆ, ಉದಾಹರಣೆಗೆ ನಿಮ್ಮದೇ ತರಗತಿಯ ಶಿಕ್ಷೆಯ ಕ್ರಮವನ್ನು ಪ್ರಶ್ನಿಸಿದರೆ, ಆಗ ನಿಮ್ಮ ಪ್ರಾಮಾಣಿಕತೆಯ ಪರೀಕ್ಷೆ ನಡೆಯುತ್ತದೆ.

ಎರಡನೆಯದು ಇನ್ನೂ ಗಂಭೀರವಾದದ್ದು. ದನಿ ಎತ್ತುವ ಸಿನಿಮಾ ನೋಡಿದ ಮಗು ತನ್ನ ಮೇಲೆ ನಡೆಯುತ್ತಿರುವ ಹಿಂಸೆಯನ್ನೋ ದೌರ್ಜನ್ಯವನ್ನೋ ಮೊದಲ ಬಾರಿಗೆ ಹೊರಗೆ ಹೇಳಬಹುದು, ಚೀಟಿಯಲ್ಲಿ ಬರೆಯಬಹುದು. ಆದ್ದರಿಂದ ಚೀಟಿಗಳನ್ನು ಮೊದಲು ನೀವೊಬ್ಬರೇ ಓದಿ, ಆಮೇಲೆ ತರಗತಿಯ ಮುಂದಿಡಿ. ಮಗು ನೇರವಾಗಿ ಬಂದು ಹೇಳಿದರೆ ಅಡ್ಡಪ್ರಶ್ನೆ ಹಾಕದೆ ಕೇಳಿಸಿಕೊಳ್ಳಿ, ಹೇಳಿದ್ದು ಒಳ್ಳೆಯದಾಯಿತು ಎನ್ನಿ, ಆದರೆ "ಯಾರಿಗೂ ಹೇಳುವುದಿಲ್ಲ" ಎಂದು ಮಾತು ಕೊಡಬೇಡಿ, ಏಕೆಂದರೆ ಆ ಮಾತನ್ನು ಉಳಿಸಿಕೊಳ್ಳುವುದು ಮಗುವಿಗೆ ಅಪಾಯಕಾರಿಯಾಗಬಹುದು. ಮಕ್ಕಳ ರಕ್ಷಣೆಯ ಹೊಣೆ ಹೊತ್ತವರು ಯಾರು, ಅವರನ್ನು ಸಂಪರ್ಕಿಸುವುದು ಹೇಗೆ ಎಂಬುದು ಪ್ರದರ್ಶನಕ್ಕೆ ಮೊದಲೇ ನಿಮಗೆ ತಿಳಿದಿರಬೇಕು.

ಕೊನೆಗೆ ನಿಮ್ಮ ಸಹೋದ್ಯೋಗಿಗಳ ಆತಂಕ. ಅದನ್ನು ತಳ್ಳಿಹಾಕಬೇಡಿ, ತರಗತಿಯಲ್ಲಿ ಶಿಸ್ತು ಕಾಪಾಡುವ ಕಷ್ಟ ಬಲ್ಲವರು ಆಡುವ ಮಾತದು. ಆದರೆ ಎದುರುತ್ತರ ಕೊಡುವ ವಿದ್ಯಾರ್ಥಿಯನ್ನು ಗಮನಿಸಿದರೆ, ಮಾತಾಡಲು ಸರಿಯಾದ ದಾರಿ ಸಿಗದೆ ಹೋದವರೇ ಅವರಲ್ಲಿ ಹೆಚ್ಚು ಎಂಬುದು ನನ್ನ ಅನುಭವ. ಒಂದು ವಾರ ಎಣಿಸಿ, ಹತ್ತು ಜನರೊಡನೆ ಚರ್ಚಿಸಿ, ಪತ್ರ ಬರೆದು, ಉತ್ತರಕ್ಕೆ ಕಾಯುವ ವಿದ್ಯಾರ್ಥಿ ಕಲಿಯುತ್ತಿರುವುದು ಒರಟುತನವನ್ನಲ್ಲ, ತಾಳ್ಮೆಯನ್ನು. ಇದು ಔದಾರ್ಯದ ಪ್ರಶ್ನೆಯೂ ಅಲ್ಲ. 1989ರ ನವೆಂಬರ್ 20ರಂದು ವಿಶ್ವಸಂಸ್ಥೆ ಅಂಗೀಕರಿಸಿದ ಮಕ್ಕಳ ಹಕ್ಕುಗಳ ಒಡಂಬಡಿಕೆಯ 12ನೆಯ ವಿಧಿ, ಸ್ವಂತ ಅಭಿಪ್ರಾಯ ರೂಪಿಸಿಕೊಳ್ಳಬಲ್ಲ ಪ್ರತಿಯೊಂದು ಮಗುವಿಗೂ ತನಗೆ ಸಂಬಂಧಿಸಿದ ಎಲ್ಲ ವಿಷಯಗಳಲ್ಲಿ ಅದನ್ನು ಮುಕ್ತವಾಗಿ ಹೇಳುವ ಹಕ್ಕಿದೆ ಎನ್ನುತ್ತದೆ. ವಯಸ್ಸು ಮತ್ತು ಪ್ರಬುದ್ಧತೆಗೆ ತಕ್ಕಂತೆ ಆ ಅಭಿಪ್ರಾಯಕ್ಕೆ ಬೆಲೆ ಕೊಡಬೇಕು ಎಂದೂ ಅದೇ ವಿಧಿ ಹೇಳುತ್ತದೆ. ಮಗು ಹೇಳಿದ್ದೆಲ್ಲ ನಡೆಯಬೇಕೆಂದು ಅದರಲ್ಲಿ ಎಲ್ಲಿಯೂ ಇಲ್ಲ. ಕೊನೆಯ ತೀರ್ಮಾನ ದೊಡ್ಡವರದೇ ಆಗಿರಬಹುದು, ಕೇಳಿಸಿಕೊಳ್ಳದೆ ತೀರ್ಮಾನಿಸುವಂತಿಲ್ಲ ಅಷ್ಟೆ. ಸಹೋದ್ಯೋಗಿಗಳನ್ನು ಫೋರಂ ಆಟದ ದಿನ ತರಗತಿಗೆ ಕರೆಯಿರಿ, ಸಾಧ್ಯವಾದರೆ ಅವರಲ್ಲೊಬ್ಬರು ಅಹ್ಮದನ ಪಾತ್ರವನ್ನೇ ಮಾಡಲಿ, ತಾಯಿಯಾಗಿ ಒಬ್ಬ ವಿದ್ಯಾರ್ಥಿನಿ ಇರಲಿ.

ನೀವು ಹೊಸ ಸಿನಿಮಾ ಹುಡುಕುವ ಅಗತ್ಯವೂ ಈಗ ಇಲ್ಲ. ತೋರಿಸಿದ ಚಿತ್ರದಲ್ಲಿ ಮಕ್ಕಳು ಮೊದಲ ಬಾರಿಗೆ ದೊಡ್ಡವರ ಎದುರು ನಿಂತು, ಮಾತು ತಡವರಿಸಿ, ಹಿಂತಿರುಗುವ ದೃಶ್ಯವೊಂದು ಇದ್ದೇ ಇರುತ್ತದೆ. ಮುಖ್ಯೋಪಾಧ್ಯಾಯರಿಂದ ಲಿಖಿತ ಉತ್ತರದ ಭರವಸೆ ಪಡೆದ ಮೇಲೆ, ಅದೇ ವಿದ್ಯಾರ್ಥಿಗಳಿಗೆ ಆ ದೃಶ್ಯವೊಂದನ್ನೇ ಮತ್ತೆ ತೋರಿಸಿ, ಆ ಮಕ್ಕಳು ಅಂದು ಏಕೆ ಹಿಂತಿರುಗಿದರು ಎಂದು ಕೇಳಿ, ಚೀಟಿಗಳನ್ನು ಹಂಚಿ.